ದೇಹದೊಳಗಿನ ಮದ್ದಿನ ಮನೆ

ಮುಂಗಾರು ಕಾಲಿಡುವ ಮುನ್ನ ಅಡಿಕೆ ತೋಟಕ್ಕೆ ಮದ್ದು ಬಿಡುವುದನ್ನು ನೋಡದವರು ನಮ್ಮ ಕಾಸರಗೋಡಿನ ಸೀಮೆಯಲ್ಲಿ ವಿರಳ. ಮೈಲುತುತ್ತವನ್ನೂ ಸುಣ್ಣವನ್ನೂ ಹದವಾಗಿ ಬೆರೆಸಿ ಗೊನೆಗಳಿಗೆ ಸಿಂಪಡಿಸದಿದ್ದರೆ ಆಟಿಯ ಮಳೆಯಲ್ಲಿ ಕೊಳೆರೋಗ ಬಂದು ಫಸಲು ಉದುರಿಹೋಗುತ್ತದೆ. ರೋಗಕ್ಕೆ ಮದ್ದು ಹೊರಗಿನಿಂದಲೇ ಬರಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಲು ಇಂತಹ ಅನುಭವಗಳೇ ಕಾರಣವಾಗಿರಬೇಕು. ಆದರೆ ಕಾಡಿನಲ್ಲಿ ಬೆಳೆದ ಮರಕ್ಕೆ ಮದ್ದು ಬಿಡುವವರಾರು? ಕೆಸರಿನ ಗುಂಡಿಯಲ್ಲಿ ಮೈ ಗೀರಿಕೊಂಡ ಕಪ್ಪೆಗೆ ಔಷಧ ಹಚ್ಚುವವರಾರು? ಶಾಲೆಯ ಅಂಗಳದ ಮುರಕಲ್ಲಿನ ಮೇಲೆ ಬಿದ್ದು ಮೊಣಕಾಲು ತರಚಿಕೊಂಡ ಹುಡುಗ ಗಾಯವನ್ನು ಅಂಗಿಯ ತುದಿಯಿಂದ ಒರಸಿಕೊಂಡು ಮತ್ತೆ ಆಟಕ್ಕೆ ಓಡುತ್ತಾನೆ. ಬಹುಪಾಲು ಸಲ ಆ ಗಾಯ ತಾನಾಗಿಯೇ ಮಾಯುತ್ತದೆ. ಜೀವಿಗಳ ಒಳಗೇ ಒಂದು ಮದ್ದಿನ ಮನೆಯಿದೆ ಎಂಬುದಕ್ಕೆ ಇವೆಲ್ಲ ಸಾಕ್ಷಿ.

ಮದ್ದು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ರೋಗ ಕಳೆಯುವ ಔಷಧವೂ ಮದ್ದೇ, ಕೋವಿಗೆ ತುಂಬುವ ಸಿಡಿಪುಡಿಯೂ ಮದ್ದೇ. ನಾನು ಈ ಲೇಖನದಲ್ಲಿ ಹೇಳಹೊರಟ ವಸ್ತುಗಳಿಗೆ ಈ ಎರಡು ಅರ್ಥಗಳೂ ಒಪ್ಪುತ್ತವೆ. ಅವು ರೋಗಾಣುಗಳನ್ನು ಕೊಲ್ಲುತ್ತವೆ. ಅಳತೆ ತಪ್ಪಿದರೆ ತಮ್ಮ ಮನೆಯನ್ನೇ ಸುಡುತ್ತವೆ. ಆದುದರಿಂದಲೇ ದೇಹವು ಅವನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟು, ತಕ್ಕ ಕರೆ ಬಂದಾಗ ಮಾತ್ರ ಹೊರತೆಗೆಯುತ್ತದೆ. ಆ ಕರೆ ಯಾವುದು, ಬೀಗ ತೆರೆಯುವ ಬಗೆ ಹೇಗೆ ಎಂಬುದನ್ನು ಕ್ಷಯರೋಗದ ನಿದರ್ಶನದ ಮೂಲಕ ವಿವರಿಸಲು ಯತ್ನಿಸುತ್ತೇನೆ. ಸೂಕ್ಷ್ಮಜೀವಿ ಶಾಸ್ತ್ರವನ್ನು ಬೋಧಿಸುತ್ತ ಬದುಕಿನ ಬಹುಭಾಗವನ್ನು ಕಳೆದ ನನಗೆ ಜೀವಕೋಶ, ಪೊರೆ, ಕೋಶಕೇಂದ್ರ ಎಂಬ ಪದಗಳು ಮೊದಲು ಪರಿಚಯವಾದದ್ದು ಈ ಶಾಲೆಯ ಕನ್ನಡ ಪಾಠದಲ್ಲಿಯೇ. ಆ ಪದಗಳನ್ನೇ ಬಳಸಿ ಇಂದಿನ ವಿಜ್ಞಾನದ ಒಂದು ಸಂಗತಿಯನ್ನು ಹೇಳುವುದು ನನಗೆ ಸಂತೋಷದ ಕೆಲಸ.

ಸ್ವಾಭಾವಿಕ ಮದ್ದುಗಳ ಶೋಧ

ದೇಹದಲ್ಲಿ ರೋಗಾಣುನಾಶಕ ಪ್ರೋಟೀನುಗಳಿವೆ ಎಂಬ ತಿಳಿವಳಿಕೆ ಹೊಸತಲ್ಲ. ಪೆನ್ಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ಅದಕ್ಕೆ ಏಳು ವರ್ಷ ಮೊದಲೇ, 1921ರಲ್ಲಿ, ಮೂಗಿನ ಸಿಂಬಳದಲ್ಲಿ ಬ್ಯಾಕ್ಟೀರಿಯಗಳನ್ನು ಕರಗಿಸುವ ಒಂದು ವಸ್ತುವನ್ನು ಗುರುತಿಸಿದ್ದನು. ಲೈಸೋಜೈಮ್ ಎಂಬ ಹೆಸರು ಪಡೆದ ಆ ವಸ್ತು ಕಣ್ಣೀರಿನಲ್ಲಿಯೂ ಉಂಟು. ದಿನವೆಲ್ಲ ಧೂಳಿಗೆ ತೆರೆದಿರುವ ಕಣ್ಣು ಸುಲಭವಾಗಿ ಕೊಳೆಯದಿರುವುದಕ್ಕೆ ಅದೂ ಒಂದು ಕಾರಣ.

ಆ ಬಳಿಕ ಆಂಟಿಬಯಾಟಿಕ್ ಔಷಧಗಳ ಯುಗ ಬಂದುದರಿಂದ ದೇಹದ ಸ್ವಂತ ಮದ್ದುಗಳ ಕಡೆಗೆ ಹೆಚ್ಚಿನವರ ಗಮನ ಹರಿಯಲಿಲ್ಲ. 1980ರ ದಶಕದಲ್ಲಿ ಅದು ಮರಳಿ ಬಂದಿತು. ಸ್ವೀಡನ್ನಿನ ಹಾನ್ಸ್ ಬೋಮನ್ ಮತ್ತು ಸಂಗಡಿಗರು ಸೆಕ್ರೋಪಿಯ ಎಂಬ ಕಾಡು ರೇಷ್ಮೆ ಪತಂಗದ ಕೋಶಾವಸ್ಥೆಗೆ ಬ್ಯಾಕ್ಟೀರಿಯಗಳನ್ನು ಚುಚ್ಚಿದರು. ಆಗ ಅದರ ರಕ್ತದಲ್ಲಿ ಮೊದಲು ಇಲ್ಲದಿದ್ದ ಮಾರಕ ಪ್ರೋಟೀನುಗಳು ಹುಟ್ಟಿಕೊಂಡವು. 1981ರ ಹೊತ್ತಿಗೆ ಅವುಗಳ ರಚನೆ ತಿಳಿದು, ಸೆಕ್ರೋಪಿನ್ ಎಂಬ ಹೆಸರು ಬಂದಿತು. 1985ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ವಿಜ್ಞಾನಿಗಳು ಮನುಷ್ಯನ ಬಿಳಿ ರಕ್ತಕಣಗಳಲ್ಲಿ ಡಿಫೆನ್ಸಿನ್ ಎಂಬ ಕಿರು ಪ್ರೋಟೀನುಗಳನ್ನು ಗುರುತಿಸಿದರು. 1987ರಲ್ಲಿ ಮೈಕೆಲ್ ಜಾಸ್ಲಾಫ್ ಎಂಬವರು ಆಫ್ರಿಕದ ಒಂದು ಜಾತಿಯ ಕಪ್ಪೆಯನ್ನು ಪರೀಕ್ಷಿಸಿದರು. ಶಸ್ತ್ರಕ್ರಿಯೆಯ ಬಳಿಕ ಕೊಳಕು ನೀರಿನ ತೊಟ್ಟಿಗೆ ಬಿಟ್ಟರೂ ಅವುಗಳ ಗಾಯ ಕೀವುಗಟ್ಟುತ್ತಿರಲಿಲ್ಲ. ಕಪ್ಪೆಯ ಚರ್ಮದಲ್ಲಿ ದೊರೆತ ಆ ಮದ್ದಿಗೆ ಹೀಬ್ರೂ ಭಾಷೆಯಲ್ಲಿ ಗುರಾಣಿ ಎಂಬರ್ಥದ ಮಾತಿನಿಂದ ಮಗೈನಿನ್ ಎಂದು ಹೆಸರಿಟ್ಟರು.

ಪತಂಗ, ಕಪ್ಪೆ, ಮನುಷ್ಯ, ಇವರೆಲ್ಲರ ಮದ್ದುಗಳಲ್ಲಿಯೂ ಒಂದು ಸಾಮ್ಯವುಂಟು. ಅವು ಕೆಲವೇ ಹತ್ತು ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳು. ಸಾಮಾನ್ಯವಾಗಿ ಧನ ವಿದ್ಯುದಂಶ ಹೊತ್ತವು. ಬ್ಯಾಕ್ಟೀರಿಯದ ಹೊರಪೊರೆಯಾದರೋ ಋಣ ವಿದ್ಯುದಂಶವುಳ್ಳದ್ದು. ಎರಡೂ ಪರಸ್ಪರ ಸೆಳೆದುಕೊಂಡಾಗ ಮದ್ದಿನ ಸರಪಳಿ ಪೊರೆಯೊಳಗೆ ನುಗ್ಗಿ ಅದನ್ನು ಹರಿಯುತ್ತದೆ. ತೂತು ಬಿದ್ದ ಬುಟ್ಟಿಯಂತೆ ರೋಗಾಣುವಿನ ಒಳದ್ರವ್ಯ ಸೋರಿಹೋಗುತ್ತದೆ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಅಂತಹ ಋಣ ವಿದ್ಯುದಂಶ ಕಡಿಮೆ, ಕೊಲೆಸ್ಟರಾಲ್ ಹೆಚ್ಚು. ಹಾಗಾಗಿ ಅವು ಬಹುಮಟ್ಟಿಗೆ ಪಾರಾಗುತ್ತವೆ. ಪೂರ್ತಿಯಾಗಿ ಪಾರಾಗುವುದಿಲ್ಲ ಎಂಬುದನ್ನೂ ಇಲ್ಲಿಯೇ ನೆನಪಿಡಬೇಕು.

ಕಾವಲುಗಾರನ ಕಣ್ಣು

ಪತಂಗದ ರಕ್ತದಲ್ಲಿ ಮದ್ದು ಹುಟ್ಟಿದ್ದು ಬ್ಯಾಕ್ಟೀರಿಯ ಒಳಹೊಕ್ಕ ಮೇಲೆ. ಹಾಗಾದರೆ ಶತ್ರು ಬಂದಿದ್ದಾನೆಂದು ಜೀವಕೋಶಕ್ಕೆ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಹಣ್ಣಿನ ನೊಣದಲ್ಲಿ. ಟೋಲ್ ಎಂಬ ವಂಶವಾಹಿ ನೊಣದ ಭ್ರೂಣದ ಬೆಳವಣಿಗೆಗೆ ಅಗತ್ಯವೆಂದು ಮೊದಲೇ ಗೊತ್ತಾಗಿತ್ತು. ಟೋಲ್ ಎಂದರೆ ಜರ್ಮನ್ ಭಾಷೆಯಲ್ಲಿ ‘ಭಲೇ’ ಎಂಬಂತಹ ಉದ್ಗಾರ. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡವು, ಈ ವಂಶವಾಹಿ ಕೆಟ್ಟುಹೋದ ನೊಣಗಳು ಬೂಷ್ಟಿನ ಸೋಂಕನ್ನು ತಡೆಯಲಾರದೆ ಸಾಯುತ್ತವೆಂದು ತೋರಿಸಿತು. ಬೂಷ್ಟನ್ನು ಕೊಲ್ಲುವ ಮದ್ದನ್ನು ತಯಾರಿಸುವ ಆಜ್ಞೆ ಅವುಗಳಲ್ಲಿ ಹೊರಡುತ್ತಲೇ ಇರಲಿಲ್ಲ.

ಮರುವರ್ಷವೇ ಮನುಷ್ಯರಲ್ಲಿಯೂ ಟೋಲ್‌ನ ಬಂಧುವೊಂದು ಇದೆಯೆಂದು ತಿಳಿಯಿತು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಅವರ ತಂಡವು ಇಲಿಗಳಲ್ಲಿ ಇಂತಹ ಒಂದು ಗ್ರಾಹಿಯೇ ಬ್ಯಾಕ್ಟೀರಿಯದ ಹೊರಕವಚದ ವಿಷವನ್ನು ಗುರುತಿಸುವ ಸಾಧನವೆಂದು ಕಂಡುಕೊಂಡಿತು. ಹಾಫ್‌ಮನ್ ಮತ್ತು ಬ್ಯೂಟ್ಲರ್ ಅವರಿಗೆ 2011ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಮನುಷ್ಯನಲ್ಲಿ ಟೋಲ್ ಮಾದರಿಯ ಹತ್ತು ಗ್ರಾಹಿಗಳಿವೆ. ಒಂದೊಂದೂ ರೋಗಾಣುವಿನ ಒಂದೊಂದು ಗುರುತನ್ನು ಹಿಡಿಯುತ್ತದೆ. ಊರಿನ ಕಾವಲುಗಾರನಿಗೆ ಕಳ್ಳನ ಹೆಸರು, ಕುಲ ತಿಳಿದಿರಬೇಕಾಗಿಲ್ಲ. ಅವೇಳೆಯಲ್ಲಿ ಕೈಯಲ್ಲಿ ಕನ್ನಗತ್ತರಿ ಹಿಡಿದು ಬಂದವನನ್ನು ಕಂಡರೆ ಕೂಗು ಹಾಕಲು ಅಷ್ಟೇ ಸಾಕು. ಗ್ರಾಹಿಗಳೂ ಹಾಗೆಯೇ. ಮನುಷ್ಯನ ಕೋಶದಲ್ಲಿ ಇರದ, ಬ್ಯಾಕ್ಟೀರಿಯದಲ್ಲಿ ಇದ್ದೇ ಇರುವ ವಸ್ತುವನ್ನು ಸ್ಪರ್ಶಿಸಿದೊಡನೆ ಅವು ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತವೆ.

ಕುಲುಮೆಯೂ ಕಬ್ಬಿಣವೂ

ಈಗ ಕ್ಷಯದ ವಿಷಯಕ್ಕೆ ಬರೋಣ. ರೋಗಿಯು ಕೆಮ್ಮಿದಾಗ ಗಾಳಿಯಲ್ಲಿ ತೇಲಿಬಂದ ಕ್ಷಯಾಣು ನಮ್ಮ ಶ್ವಾಸಕೋಶವನ್ನು ಸೇರಿದರೆ ಅದನ್ನು ಎದುರುಗೊಳ್ಳುವುದು ಮ್ಯಾಕ್ರೊಫೇಜ್ ಎಂಬ ಕೋಶ. ಕನ್ನಡದಲ್ಲಿ ಮಹಾಭಕ್ಷಕ ಎನ್ನಬಹುದು. ಅದು ಕ್ಷಯಾಣುವನ್ನು ನುಂಗಿ ಒಂದು ಚೀಲದೊಳಗೆ ಕೂಡಿಹಾಕುತ್ತದೆ. ಆದರೆ ಕ್ಷಯಾಣು ಸಾಮಾನ್ಯ ಕಳ್ಳನಲ್ಲ. ನುಂಗಿದವನ ಹೊಟ್ಟೆಯಲ್ಲಿಯೇ ಮನೆ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಬಲ್ಲದು. ಅದನ್ನು ಆ ಚೀಲದೊಳಗೇ ಕೊಲ್ಲಲು ಮಹಾಭಕ್ಷಕ ಕೋಶಕ್ಕೆ ಮದ್ದು ಬೇಕು.

ಮನುಷ್ಯನಲ್ಲಿ ಆ ಮದ್ದುಗಳಲ್ಲಿ ಒಂದರ ಹೆಸರು ಕ್ಯಾಥೆಲಿಸಿಡಿನ್. ಅದು ಮೊದಲು ಒಂದು ದೊಡ್ಡ ಪ್ರೋಟೀನಾಗಿ ತಯಾರಾಗುತ್ತದೆ. ಆ ರೂಪದಲ್ಲಿ ಅದು ಒರೆಯೊಳಗಿನ ಕತ್ತಿ. ಕಿಣ್ವವೊಂದು ಅದನ್ನು ಕತ್ತರಿಸಿದಾಗ 37 ಅಮೈನೋ ಆಮ್ಲಗಳ ಹರಿತವಾದ ತುಂಡು ಹೊರಬರುತ್ತದೆ. ಆ ತುಂಡಿಗೆ ಎಲ್‌ಎಲ್-37 ಎಂದು ಹೆಸರು.

2006ರಲ್ಲಿ ಲಾಸ್ ಏಂಜಲೀಸಿನ ರಾಬರ್ಟ್ ಮಾಡ್ಲಿನ್ ಮತ್ತು ಸಹೋದ್ಯೋಗಿಗಳು ಈ ಮದ್ದಿನ ತಯಾರಿಕೆಗೆ ಕಾರಣವಾಗುವ ಘಟನೆಗಳ ಸಾಲನ್ನು ಬಿಡಿಸಿಟ್ಟರು. ಅದು ಹೀಗಿದೆ. ಕ್ಷಯಾಣುವಿನ ಮೈಮೇಲಿನ ಕೊಬ್ಬು ಬೆರೆತ ಪ್ರೋಟೀನನ್ನು ಟೋಲ್ ಮಾದರಿಯ ಎರಡನೆಯ ಮತ್ತು ಒಂದನೆಯ ಗ್ರಾಹಿಗಳು ಜೊತೆಗೂಡಿ ಗುರುತಿಸುತ್ತವೆ. ಆಗ ಕೋಶವು ಎರಡು ವಸ್ತುಗಳನ್ನು ಹೆಚ್ಚು ಹೆಚ್ಚಾಗಿ ತಯಾರಿಸತೊಡಗುತ್ತದೆ. ಒಂದು, ವಿಟಮಿನ್ ಡಿಯನ್ನು ಅದರ ಕ್ರಿಯಾಶೀಲ ರೂಪಕ್ಕೆ ಪರಿವರ್ತಿಸುವ ಕಿಣ್ವ. ಇನ್ನೊಂದು, ಆ ಕ್ರಿಯಾಶೀಲ ವಿಟಮಿನ್ನನ್ನು ಹಿಡಿದುಕೊಳ್ಳುವ ಗ್ರಾಹಿ. ಈ ಗ್ರಾಹಿಯು ವಿಟಮಿನ್ನಿನೊಡನೆ ಕೂಡಿ ಕ್ಯಾಥೆಲಿಸಿಡಿನ್ ವಂಶವಾಹಿಯ ಬಳಿಯಿರುವ ನಿಯತ ಸ್ಥಳದಲ್ಲಿ ಕುಳಿತುಕೊಳ್ಳುತ್ತದೆ. ಬೀಗ ತೆರೆಯುವುದು ಆಗಲೇ. ವಂಶವಾಹಿ ಎಚ್ಚರಗೊಂಡು ಮದ್ದು ತಯಾರಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕರೆ ಬಂದಾಗ ಕೋಶವು ಕುಲುಮೆಯನ್ನು ತಾನೇ ಹೊತ್ತಿಸಿಕೊಳ್ಳುತ್ತದೆ. ಆದರೆ ಕಬ್ಬಿಣ ಹೊರಗಿನಿಂದ ಬರಬೇಕು. ಆ ಕಬ್ಬಿಣವೇ ರಕ್ತದಲ್ಲಿ ಹರಿಯುವ ವಿಟಮಿನ್ ಡಿಯ ಅರೆಸಿದ್ಧ ರೂಪ. ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದಲ್ಲಿರುವ ಕೊಲೆಸ್ಟರಾಲ್ ಬಂಧುವೊಂದರ ಮೇಲೆ ಬಿದ್ದಾಗ ವಿಟಮಿನ್ ಡಿ ಹುಟ್ಟುತ್ತದೆ. ಯಕೃತ್ತು ಅದನ್ನು ಅರೆಸಿದ್ಧಗೊಳಿಸುತ್ತದೆ. ಎಲುಬಿನ ಪೋಷಣೆಗೆ ಬೇಕಾದ ಕೊನೆಯ ಹದವನ್ನು ಮೂತ್ರಪಿಂಡವು ಕೊಡುತ್ತದೆಂದು ಶಾಲೆಯಲ್ಲಿ ಓದಿದ್ದೇವೆ. ಮಹಾಭಕ್ಷಕ ಕೋಶವು ಮೂತ್ರಪಿಂಡಕ್ಕಾಗಿ ಕಾಯದೆ ಆ ಕೊನೆಯ ಹದವನ್ನು ತನ್ನೊಳಗೇ ಮಾಡಿಕೊಳ್ಳುತ್ತದೆ ಎಂಬುದು ಈ ಶೋಧದ ಸೊಗಸು. ರಕ್ತದಲ್ಲಿ ಅರೆಸಿದ್ಧ ವಿಟಮಿನ್ ಕಡಿಮೆಯಿದ್ದವರ ರಕ್ತದ್ರವದಲ್ಲಿ ಕೋಶಗಳನ್ನು ಬೆಳೆಸಿದಾಗ ಕ್ಯಾಥೆಲಿಸಿಡಿನ್ ತಯಾರಿಕೆಯ ಆಜ್ಞೆ ದುರ್ಬಲವಾಗಿತ್ತು. ಆ ವಿಟಮಿನ್ನನ್ನು ಸೇರಿಸಿದಾಗ ಅದು ಸುಧಾರಿಸಿತು.

ಮುಂದಿನ ಸಂಶೋಧನೆಗಳು ಈ ಚಿತ್ರಕ್ಕೆ ಇನ್ನಷ್ಟು ರೇಖೆಗಳನ್ನು ಸೇರಿಸಿದವು. ಟಿ ಕೋಶಗಳು ಕಳುಹಿಸುವ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವೂ ಇದೇ ಕುಲುಮೆಯನ್ನು ಹೊತ್ತಿಸಬಲ್ಲದೆಂದು 2011ರಲ್ಲಿ ತಿಳಿಯಿತು. ಇಲಿಯ ಕ್ಯಾಥೆಲಿಸಿಡಿನ್ ಮಾತ್ರ ವಿಟಮಿನ್ ಡಿಯ ಆಜ್ಞೆಗೆ ಒಳಪಟ್ಟಿಲ್ಲ. ಇರುಳಿನಲ್ಲಿ ತಿರುಗಾಡುವ ಪ್ರಾಣಿಗೆ ಬಿಸಿಲನ್ನು ನಂಬಿದ ಬೀಗ ಒಪ್ಪುವುದಿಲ್ಲವೆಂದು ಕೆಲವರು ಚಮತ್ಕಾರವಾಗಿ ಹೇಳುವುದುಂಟು. ಅದೇನೇ ಇರಲಿ, ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಅನ್ವಯಿಸುವುದಿಲ್ಲ ಎಂಬ ಎಚ್ಚರಿಕೆಗೆ ಇದು ಒಳ್ಳೆಯ ಉದಾಹರಣೆ.

ಬೀಗವೇಕೆ ಬೇಕು?

ಇಷ್ಟು ಒಳ್ಳೆಯ ಮದ್ದನ್ನು ಸದಾಕಾಲ ತಯಾರಿಸುತ್ತಿರಬಾರದೇಕೆ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿದ್ದರು. ಅದಕ್ಕೆ ಚರ್ಮದ ಎರಡು ವ್ಯಾಧಿಗಳು ಉತ್ತರ ಕೊಡುತ್ತವೆ. ಮುಖ ಕೆಂಪೇರಿ ಉರಿಯುವ ರೊಸೇಶಿಯ ಎಂಬ ವ್ಯಾಧಿಯಲ್ಲಿ ಕ್ಯಾಥೆಲಿಸಿಡಿನ್ ಮಿತಿಮೀರಿ ತಯಾರಾಗುವುದಲ್ಲದೆ ತಪ್ಪು ತುಂಡುಗಳಾಗಿ ಒಡೆಯುತ್ತದೆಂದು 2007ರಲ್ಲಿ ಕಂಡುಬಂದಿತು. ಅದೇ ವರ್ಷ, ಸೋರಿಯಾಸಿಸ್‌ನಲ್ಲಿ ಎಲ್‌ಎಲ್-37 ದೇಹದ ಸ್ವಂತ ಡಿಎನ್‌ಎಯೊಡನೆ ಬೆರೆತು ರಕ್ಷಣಾ ಕೋಶಗಳನ್ನು ಸುಮ್ಮಸುಮ್ಮನೆ ಕೆರಳಿಸುತ್ತದೆಂದೂ ತಿಳಿಯಿತು. ಮದ್ದಿನ ಮನೆಗೆ ಬೀಗ ಇರಲೇಬೇಕು. ‘ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ’ ಎಂಬ ಜಾಹೀರಾತನ್ನು ಓದುವಾಗ ಈ ಮಾತನ್ನು ನೆನೆದರೆ ಒಳಿತು. ಹೆಚ್ಚು ಎಂಬುದು ಯಾವಾಗಲೂ ಒಳ್ಳೆಯದಲ್ಲ. ಹದ ಎಂಬುದೇ ಒಳ್ಳೆಯದು.

ಬಿಸಿಲೇ ಔಷಧವೆ?

ಇನ್ನು ಬಹುಜನರ ಮನಸ್ಸಿನಲ್ಲಿ ಏಳುವ ಪ್ರಶ್ನೆ. ಬಿಸಿಲಿನಿಂದ ವಿಟಮಿನ್, ವಿಟಮಿನ್ನಿನಿಂದ ಮದ್ದು ಎಂದಾದರೆ ಬಿಸಿಲು ಕಾಯಿಸಿಕೊಂಡರೆ ಕ್ಷಯ ಗುಣವಾಗಬೇಕಲ್ಲವೇ? ಹಿಂದಿನವರು ಹಾಗೆಯೇ ನಂಬಿದ್ದರು. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಪಡೆದನು. ಔಷಧಗಳಿಲ್ಲದ ಕಾಲದ ಆರೋಗ್ಯಧಾಮಗಳಲ್ಲಿ ರೋಗಿಗಳನ್ನು ಬಿಸಿಲಿಗೂ ಶುದ್ಧ ಗಾಳಿಗೂ ಒಡ್ಡುತ್ತಿದ್ದರು. ಕೆಲವರು ಚೇತರಿಸಿಕೊಂಡರು, ಬಹಳ ಮಂದಿ ಉಳಿಯಲಿಲ್ಲ.

ಒಂದು ತರ್ಕ ಎಷ್ಟೇ ಸುಂದರವಾಗಿದ್ದರೂ ಅದನ್ನು ಮನುಷ್ಯರಲ್ಲಿ ಪರೀಕ್ಷಿಸದೆ ಒಪ್ಪುವಂತಿಲ್ಲ. ಪರೀಕ್ಷೆಗಳು ನಡೆದಿವೆ. ಕ್ಷಯದ ಔಷಧಗಳೊಡನೆ ವಿಟಮಿನ್ ಡಿಯನ್ನೂ ಕೊಟ್ಟು ನೋಡಿದ ಭಾರತದ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕಫದಿಂದ ಕ್ಷಯಾಣು ಮಾಯವಾಗುವ ವೇಗ ಅದರಿಂದ ಹೆಚ್ಚಲಿಲ್ಲ. ಮಂಗೋಲಿಯದ ರಾಜಧಾನಿಯಲ್ಲಿ 8,851 ಶಾಲಾಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ವರ್ಷ ವಾರಕ್ಕೊಮ್ಮೆ ವಿಟಮಿನ್ ಡಿಯನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ನಿಸ್ಸಾರ ಗುಳಿಗೆಯನ್ನೂ ಕೊಟ್ಟರು. ಮಕ್ಕಳಲ್ಲಿ ಬಹುಪಾಲು ಮಂದಿಗೆ ಮೊದಲು ಆ ವಿಟಮಿನ್ನಿನ ಕೊರತೆಯಿತ್ತು. ಗುಳಿಗೆಯಿಂದ ಆ ಕೊರತೆ ನೀಗಿತು. ಆದರೆ 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕ್ಷಯದ ಸೋಂಕು ತಗಲಿದವರ ಪ್ರಮಾಣ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿತ್ತು.

ಇದರಿಂದ 2006ರ ಶೋಧ ಸುಳ್ಳಾಗಲಿಲ್ಲ. ಕೋಶದೊಳಗೆ ಆ ಬೀಗವೂ ಇದೆ, ಆ ಕೀಲಿಕೈಯೂ ಇದೆ. ಆದರೆ ದೇಹವು ಒಂದೇ ಬಾಗಿಲಿನ ಮನೆಯಲ್ಲ. ರೋಗವನ್ನು ತಡೆಯಲು ಕ್ಯಾಥೆಲಿಸಿಡಿನ್‌ನೊಡನೆ ಬೇರೆ ಅನೇಕ ಕೋಶಗಳು, ಅನೇಕ ಸಂದೇಶಗಳು ಕೂಡಿ ದುಡಿಯಬೇಕು. ಒಂದು ಕೀಲಿಕೈಯನ್ನು ಹೊಳಪು ಮಾಡಿದ ಮಾತ್ರಕ್ಕೆ ಎಲ್ಲ ಬಾಗಿಲುಗಳೂ ತೆರೆಯುವುದಿಲ್ಲ.

ನಮ್ಮ ನೆರೆಯಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದ ಹಿರಿಯಕ್ಕ ಒಬ್ಬರಿದ್ದರು. ಕ್ಷಯವೆಂದು ತಿಳಿದು ಔಷಧ ಆರಂಭವಾಯಿತು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ‘ಇನ್ನು ಮಾತ್ರೆ ಯಾಕೆ ಮಾರಾಯ್ರೆ? ಬೆಳಗ್ಗೆ ಬಿಸಿಲಿಗೆ ಕೂತು ಕಷಾಯ ಕುಡಿದರೆ ಸಾಕು’ ಎಂದು ಅವರು ಔಷಧ ನಿಲ್ಲಿಸಿದರು. ಆಸ್ಪತ್ರೆಯ ಚೀಟಿಯಲ್ಲಿ ಆರು ತಿಂಗಳೆಂದು ಬರೆದಿತ್ತು. ಅದನ್ನು ಓದಿ ಹೇಳುವವರು ಮನೆಯಲ್ಲಿರಲಿಲ್ಲ, ಅಕ್ಕನಿಗೆ ಓದಬರುತ್ತಿದ್ದುದು ಕನ್ನಡ ಮಾತ್ರ. ಮಳೆಗಾಲದಲ್ಲಿ ರೋಗ ಮರುಕಳಿಸಿತು; ಅಷ್ಟರಲ್ಲಿ ಮನೆಯ ಮಗುವಿಗೂ ಸೋಂಕು ತಗಲಿತ್ತು. ಇಬ್ಬರೂ ಉಳಿದುಕೊಂಡರು, ಆದರೆ ಮೊದಲಿಗಿಂತ ದೀರ್ಘವಾದ ಚಿಕಿತ್ಸೆಯ ಬಳಿಕ. ಸುಪ್ತವಾಗಿ ಅಡಗಿದ ಕ್ಷಯಾಣುವನ್ನು ಕೊನೆಗಾಣಿಸಲು ತಿಂಗಳುಗಳೇ ಬೇಕು ಎಂಬ ಕಾರಣವನ್ನು ಅವರ ಮಾತಿನಲ್ಲಿ ಯಾರಾದರೂ ಬಿಡಿಸಿ ಹೇಳಿದ್ದರೆ ಅವರು ಕೇಳದವರಲ್ಲ.

ಊಟದ ಪಾಲು

ಹೊರಗಿನ ಔಷಧದ ಮಹತ್ವವನ್ನು ಲೋಕಕ್ಕೆ ಸಾರಿದ ಪ್ರಯೋಗ ನಡೆದದ್ದು ನಮಗೆ ಹತ್ತಿರದ ಮದರಾಸಿನಲ್ಲಿ. ಆರೋಗ್ಯಧಾಮದ ವಿಶ್ರಾಂತಿ ಮತ್ತು ಪುಷ್ಟಿಕರ ಆಹಾರದೊಡನೆ ಔಷಧ ಪಡೆದವರಿಗೂ, ಬಡ ಮನೆಗಳಲ್ಲಿಯೇ ಇದ್ದು ಅದೇ ಔಷಧ ಪಡೆದವರಿಗೂ ಗುಣದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲವೆಂದು 1959ರಲ್ಲಿ ಪ್ರಕಟವಾದ ಆ ಅಧ್ಯಯನ ತೋರಿಸಿತು. ಅಂದಿನಿಂದ ಕ್ಷಯದ ಚಿಕಿತ್ಸೆ ಮನೆಯ ಬಾಗಿಲಿಗೆ ಬಂದಿತು.

ಹಾಗೆಂದು ದೇಹದ ಸ್ವಂತ ಬಲ ನಿರರ್ಥಕವೆಂದು ತಿಳಿಯಬಾರದು. ಔಷಧ ರೋಗಿಗೆ ಬೇಕು. ರೋಗ ಬಾರದಂತೆ ತಡೆಯುವ ಕೆಲಸದಲ್ಲಿ ದೇಹದ ಪಾಲು ದೊಡ್ಡದು. ಇದಕ್ಕೆ ಸಾಕ್ಷ್ಯ ಒದಗಿಸಿದ ಇತ್ತೀಚಿನ ಅಧ್ಯಯನದ ಮುಂದಾಳುಗಳು ನಮ್ಮ ನೆರೆಯ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಜಾರ್ಖಂಡದಲ್ಲಿ ನಡೆದ ಈ ಪ್ರಯೋಗದಲ್ಲಿ ಕ್ಷಯರೋಗಿಗಳ ಕುಟುಂಬದ ಸುಮಾರು ಹತ್ತು ಸಾವಿರ ಮಂದಿಯನ್ನು ಗಮನಿಸಲಾಯಿತು. ಒಂದು ಗುಂಪಿನ ಮನೆಮಂದಿಗೆ ಅಕ್ಕಿ, ಬೇಳೆ ಮುಂತಾದ ಆಹಾರಧಾನ್ಯವನ್ನೂ ಪೋಷಕಾಂಶದ ಗುಳಿಗೆಗಳನ್ನೂ ಒದಗಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 39ರಷ್ಟು, ಸಾಂಕ್ರಾಮಿಕವಾದ ಶ್ವಾಸಕೋಶದ ಕ್ಷಯ ಶೇಕಡ 48ರಷ್ಟು ತಗ್ಗಿತು. ಒಂದು ವಿಟಮಿನ್ನಿನ ಗುಳಿಗೆ ಒಂಟಿಯಾಗಿ ಮಾಡಲಾರದ ಕೆಲಸವನ್ನು ಹೊಟ್ಟೆ ತುಂಬ ಊಟ ಮಾಡಿತು. ಕುಲುಮೆಗೆ ಕಬ್ಬಿಣವಷ್ಟೇ ಸಾಲದು. ಇದ್ದಲು ಬೇಕು, ತಿದಿ ಬೇಕು, ಕಮ್ಮಾರನಿಗೆ ತೋಳಬಲವೂ ಬೇಕು.

ಓದುಗರಲ್ಲಿ ವಿನಂತಿ

ಈ ಸಂಚಿಕೆ ತಲುಪುವ ಮನೆಗಳಲ್ಲಿ ಹಿರಿಯರಿದ್ದಾರೆ, ಮಕ್ಕಳಿದ್ದಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು ನಿಲ್ಲದಿದ್ದರೆ, ಸಂಜೆಯ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ಮೈ ಇಳಿಯುವುದು ಕಂಡರೆ ಕಫದ ಪರೀಕ್ಷೆ ಮಾಡಿಸಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಔಷಧಕ್ಕೆ ಮಣಿಯುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕಾಗುತ್ತದೆ. ಕೆಮ್ಮು ನಿಂತಿತೆಂದು ನಡುವೆ ಬಿಡಬಾರದು, ವೈದ್ಯರು ನಿಲ್ಲಿಸಲು ಹೇಳುವ ತನಕ ಮುಂದುವರಿಸಬೇಕು. ಬೆಳಗಿನ ಬಿಸಿಲಿಗೆ ಕುಳಿತುಕೊಳ್ಳಲಿ, ಕಷಾಯವನ್ನೂ ಕುಡಿಯಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಅವು ಮಾತ್ರೆಯ ಜೊತೆಗಿರಲಿ, ಮಾತ್ರೆಯ ಜಾಗದಲ್ಲಿ ಬೇಡ. ರೋಗಿಯ ತಟ್ಟೆಯನ್ನು ಬೇರೆಯಿಡುವ ಬದಲು ಆ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸುವುದು ಹೆಚ್ಚಿನ ಜಾಣತನ.

ಈ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮಂಥವರ ಮೇಲೆ ಒಂದು ಹೊಣೆಯೂ ಇದೆ. ಗಡಿಯ ಈಚೆ ಬದುಕುವ ಕನ್ನಡದ ಮನೆಗಳಿಗೆ ಔಷಧದ ಚೀಟಿ ಯಾವ ಭಾಷೆಯಲ್ಲಿ ಬಂದರೂ ಅದರ ಅರ್ಥ ಕನ್ನಡದಲ್ಲಿ ಮುಟ್ಟಬೇಕು. ಅದಕ್ಕೆ ವೈದ್ಯರೇ ಆಗಬೇಕೆಂದಿಲ್ಲ. ನೆರೆಮನೆಯ ಚೀಟಿಯನ್ನು ಕೈಗೆ ತೆಗೆದುಕೊಂಡು, ತಿಳಿಯದಲ್ಲಿ ಆಸ್ಪತ್ರೆಯವರನ್ನೇ ಕೇಳಿ, ಎಷ್ಟು ಮಾತ್ರೆ, ಎಷ್ಟು ತಿಂಗಳು, ಏತಕ್ಕಾಗಿ ಎಂದು ಬಿಡಿಸಿ ಹೇಳುವಷ್ಟು ವ್ಯವಧಾನವಿದ್ದರೆ ಸಾಕು. ಶಾಲೆಗೆ ಐವತ್ತು ತುಂಬಿದ ಈ ವರ್ಷದಲ್ಲಿ ಪ್ರತಿಯೊಬ್ಬ ಹಳೆ ವಿದ್ಯಾರ್ಥಿಯೂ ಇಂತಹ ಒಂದು ಚೀಟಿಯನ್ನಾದರೂ ಓದಿ ಹೇಳಲಿ ಎಂಬುದು ನನ್ನ ಕೋರಿಕೆ.